ಹೊಲದ ಅಂಗಿ ಹೆಂಗಿರಬೇಕು? ಬಿಸಿಲಿಗೆ ಒಂದು, ಮಳೆಗೆ ಒಂದು, ಸಿಂಪರಣೆಗೆ ಇನ್ನೊಂದು

ಎರಡು ವರ್ಷದ ಹಿಂದಿನ ಮೇ ತಿಂಗಳು. ಸುರೇಬಾನದ ನಮ್ಮ ಹೊಲದಲ್ಲಿ ನಿಂಬೆ ಸಸಿ ಹಚ್ಚಲು ಗುಂಡಿ ತೆಗೆಯುತ್ತಿದ್ದೆವು. ನಾನು, ನಮ್ಮ ಕಾಕಾನ ಮಗ, ಮತ್ತಿಬ್ಬರು ಆಳು. ಕಾಕಾನ ಮಗನಿಗೆ ಇಪ್ಪತ್ತೆರಡು ವರ್ಷ, ಗಟ್ಟಿ ಹುಡುಗ. ಮೈಮೇಲೆ ಕರಿ ಬಣ್ಣದ, ಉದ್ದ ತೋಳಿನ ಟೀ ಶರ್ಟ್. ಯಾವುದೋ ಕಂಪನಿ ಜಾಹೀರಾತಿಗೆ ಪುಕ್ಕಟೆ ಕೊಟ್ಟದ್ದು.

ಹನ್ನೆರಡೂವರೆ ಸುಮಾರಿಗೆ ಅವನು ಹಾರಿ ಕೆಳಗಿಟ್ಟು, "ಅಣ್ಣಾ, ತಲಿ ಗಿರ್ ಅನ್ನಾಕತ್ತೇತಿ" ಅಂದ. ನಾನು, "ಇದೊಂದು ಗುಂಡಿ ಮುಗಸೂಣು, ಆಮ್ಯಾಲ ಊಟ ಮಾಡೂಣು" ಅಂದೆ. ಐದು ನಿಮಿಷದಲ್ಲಿ ಹುಡುಗ ಗುಂಡಿಯ ಅಂಚಿಗೇ ಕುಸಿದ. ಎತ್ತಿಕೊಂಡು ಬೇವಿನ ಗಿಡದ ಕೆಳಗೆ ತಂದು ಟೀ ಶರ್ಟ್ ಬಿಚ್ಚಿದರೆ ಒಳಮೈ ಜಿಗುಟು, ಮೈ ಕಾದ ಹಂಚು. ಹನಿ ನೀರಾವರಿ ಪೈಪಿನ ನೀರನ್ನೇ ಮೈಮೇಲೆ ಬಿಟ್ಟೆವು, ಟವೆಲ್‌ನಿಂದ ಗಾಳಿ ಬೀಸಿದೆವು, ಆಸ್ಪತ್ರೆಗೆ ಒಯ್ದೆವು. ಸಲಾಯಿನ್ ಹಚ್ಚಿದ ಮೇಲೆ ಮಾತಾಡಿದ. ಡಾಕ್ಟರ್ ಆ ಟೀ ಶರ್ಟ್ ನೋಡಿ ಕೇಳಿದ್ದು ಒಂದೇ ಮಾತು: "ಪ್ಲಾಸ್ಟಿಕ್ ಹೊತ್ಕೊಂಡು ಬಿಸಿಲಾಗ ನಿಂತ್ರ ಮತ್ತೇನಾಗ್ತೇತ್ರಿ?"

ನಾನು ತೋಟಗಾರಿಕೆ ಓದಿದವನು. ಸಸಿಮನೆಗೆ ಎಷ್ಟು ಶೇಕಡಾದ ನೆರಳು ಪರದೆ ಬೇಕು, ಮಲ್ಚಿಂಗ್ ಹಾಳೆ ಎಷ್ಟು ಮೈಕ್ರಾನ್ ಇರಬೇಕು ಅಂತ ಕೇಳಿದವರಿಗೆಲ್ಲ ಹೇಳುತ್ತೇನೆ. ನನ್ನ ಪಕ್ಕದಲ್ಲೇ ಗುಂಡಿ ತೋಡುವ ತಮ್ಮನ ಮೈಮೇಲೆ ಎಂಥ ಬಟ್ಟೆ ಇದೆ ಅಂತ ಮಾತ್ರ ಒಮ್ಮೆಯೂ ನೋಡಿರಲಿಲ್ಲ. ಅವತ್ತಿನಿಂದ ನೋಡತೊಡಗಿದೆ. ಈ ವಾರ ಅದನ್ನೇ ಬರೆಯುತ್ತಿದ್ದೇನೆ. ಬಟ್ಟೆಯೂ ಕುಡಗೋಲು, ಪಂಪಿನ ಹಾಗೆ ಒಂದು ಸಲಕರಣೆ. ಕೆಲಸ ಬದಲಾದರೆ ಬಟ್ಟೆಯೂ ಬದಲಾಗಬೇಕು.

ಬೆವರು ಬರುವುದು ಯಾಕೆ?

ಮೈ ತಂಪಾಗುವುದು ಬೆವರು ಹರಿಯುವುದರಿಂದಲ್ಲ, ಬೆವರು ಆರುವುದರಿಂದ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಮೈಯಿಂದ ಸುಮಾರು 580 ಕಿಲೋ ಕ್ಯಾಲೊರಿ ಶಾಖ ಹೊರಗೆ ಹೋಗುತ್ತದೆ. ಅದೇ ಬೆವರು ಆರದೆ ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ನೀರು ಹೋಯಿತು, ಉಪ್ಪು ಹೋಯಿತು, ಮೈ ಮಾತ್ರ ತಣ್ಣಗಾಗಲಿಲ್ಲ. ಹಾಗಾಗಿ ಬೇಸಿಗೆಯ ಬಟ್ಟೆಗೆ ಇರುವ ಕೆಲಸ ಎರಡೇ: ಬಿಸಿಲು ತಡೆಯಬೇಕು, ಬೆವರು ಆರಲು ಬಿಡಬೇಕು.

ಯಾವ ನೂಲು ಎಷ್ಟು ತೇವ ಹೀರುತ್ತದೆ ಅನ್ನುವುದಕ್ಕೆ ಜವಳಿಯವರ ಒಂದು ಅಳತೆ ಇದೆ. 20 ಡಿಗ್ರಿ ಉಷ್ಣತೆ, 65% ತೇವಾಂಶದ ಗಾಳಿಯಲ್ಲಿ 100 ಗ್ರಾಂ ಒಣ ನೂಲು ಇಟ್ಟರೆ ಅದು ಗಾಳಿಯಿಂದ ಹೀರಿಕೊಳ್ಳುವ ನೀರು ಹೆಚ್ಚುಕಡಿಮೆ ಇಷ್ಟು:

- ಉಣ್ಣೆ: 16 ಗ್ರಾಂ
- ರೇಷ್ಮೆ: 11 ಗ್ರಾಂ
- ಹತ್ತಿ: 8 ಗ್ರಾಂ
- ನೈಲಾನ್: 4 ಗ್ರಾಂ
- ಪಾಲಿಯೆಸ್ಟರ್: ಅರ್ಧ ಗ್ರಾಮಿಗಿಂತ ಕಡಿಮೆ

ಪಾಲಿಯೆಸ್ಟರ್ ನೂಲು ನೀರನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಬೆವರು ಚರ್ಮಕ್ಕೂ ಬಟ್ಟೆಗೂ ನಡುವೆ ಸಿಕ್ಕಿಕೊಂಡು ಜಿಗುಟಾಗುತ್ತದೆ. ಹತ್ತಿ ಬೆವರು ಹೀರಿ ಬಟ್ಟೆಯ ತುಂಬ ಹರಡುತ್ತದೆ, ಗಾಳಿ ತಾಕಿದಾಗ ಆರುತ್ತದೆ. ಮನೆಯ ಮಣ್ಣಿನ ಗಡಿಗೆ ನೆನಪಿಸಿಕೊಳ್ಳಿ. ಹೊರಮೈ ಒದ್ದೆಯಾಗಿ ಆರುತ್ತ ಇರುವುದಕ್ಕೇ ಒಳಗಿನ ನೀರು ತಂಪು. ಸ್ಟೀಲ್ ಕೊಡದಲ್ಲಿ ಆ ತಂಪು ಬರುವುದಿಲ್ಲ. ನಮ್ಮ ಭಾಗದ ಏಪ್ರಿಲ್-ಮೇ ಒಣ ಹವೆಗೆ ಹತ್ತಿ ಅಂಗಿ ಆ ಗಡಿಗೆಯ ಕೆಲಸವನ್ನೇ ಮಾಡುತ್ತದೆ.

ಹಾಗಂತ ಪಾಲಿಯೆಸ್ಟರ್ ಎಲ್ಲವೂ ಕೆಟ್ಟದ್ದಲ್ಲ. ಕಬಡ್ಡಿ ಆಡುವ ಹುಡುಗರು ಹಾಕುವ ತೆಳ್ಳಗಿನ, ಜಾಳು ಜಾಳಾದ ಒಳ್ಳೆ ಜರ್ಸಿಯಲ್ಲಿ ನೂಲಿನ ಸಂದಿನಿಂದ ಬೆವರು ಹೊರಮೈಗೆ ಏರಿ ಬೇಗ ಆರುತ್ತದೆ. ಪುಕ್ಕಟೆ ಸಿಗುವ ದಪ್ಪ, ಒತ್ತು ಹೆಣಿಗೆಯ ಟೀ ಶರ್ಟ್‌ಗೆ ಆ ಗುಣ ಇಲ್ಲ. ಎದೆಯ ಮೇಲೆ ಅಂಗೈ ಅಗಲದ ಪ್ರಿಂಟ್ ಬೇರೆ ಹೊಡೆದಿರುತ್ತಾರೆ. ಅಲ್ಲಂತೂ ಗಾಳಿಗೆ ಬಾಗಿಲೇ ಇಲ್ಲ.

ಬೇಸಿಗೆ ಅಂಗಿ: ತೆಳು, ಸಡಿಲ, ಉದ್ದ ತೋಳು

ಬಿಸಿಲು ಅಂತ ಬನಿಯನ್ ಮೇಲೆ ಕೆಲಸ ಮಾಡುವವರು ಬಹಳ. ನೆರಳಿನಲ್ಲಿ ಸರಿ. ನೇರ ಬಿಸಿಲಲ್ಲಿ ಬರಿಮೈ ಸೂರ್ಯನ ಶಾಖವನ್ನು ನೇರವಾಗಿ ಕುಡಿಯುತ್ತದೆ, ಚರ್ಮವೂ ಸುಡುತ್ತದೆ. ಉದ್ದ ತೋಳಿನ ತೆಳು ಹತ್ತಿ ಅಂಗಿ ಮೈಮೇಲೆ ಒಂದು ಸಣ್ಣ ಚಪ್ಪರ ಇದ್ದ ಹಾಗೆ.

ಬಣ್ಣದ ವಿಷಯ. ತಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ, ಮೈಗೆ ಅಂಟಿದ ಅಂಗಿಯಾದರೆ ಇದು ಬಹಳ ಮುಖ್ಯ. ಆದರೆ ಸಡಿಲ ಅನ್ನುವುದು ಬಣ್ಣಕ್ಕಿಂತ ದೊಡ್ಡ ಮಾತು. ಸಿನಾಯ್ ಮರುಭೂಮಿಯ ಬೆಡೋಯಿನ್ ಜನ ಸುಡು ಬಿಸಿಲಿನಲ್ಲೂ ಕಪ್ಪು ನಿಲುವಂಗಿ ತೊಡುತ್ತಾರೆ. ವಿಜ್ಞಾನಿಗಳು ಇದನ್ನು ಅಳೆದು 1980ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಕಪ್ಪು ಬಟ್ಟೆ ಹೆಚ್ಚು ಕಾಯುವುದು ನಿಜ, ಆದರೆ ನಿಲುವಂಗಿ ಸಡಿಲವಾಗಿದ್ದರಿಂದ ಆ ಶಾಖ ಮೈ ಮುಟ್ಟುವ ಮೊದಲೇ ಗಾಳಿಯಲ್ಲಿ ಹೋಗಿಬಿಡುತ್ತಿತ್ತು. ಕಪ್ಪಾಗಲಿ ಬಿಳಿಯಾಗಲಿ, ತೊಟ್ಟವನಿಗೆ ತಾಗಿದ ಶಾಖ ಒಂದೇ. ನಮ್ಮ ಮುತ್ಯಾರ ದೊಗಳೆ ಅಂಗಿ, ಧೋತರ, ತಲೆಗೆ ಪಟಗದಲ್ಲಿ ಇದೇ ಲೆಕ್ಕ ಇತ್ತು. ನಾವು ಜೀನ್ಸ್ ಹಾಕಿ ಅದನ್ನು ಕೆಡಿಸಿಕೊಂಡೆವು.

ನಾನು ಈಗ ಹೊಲಿಸುವುದು ಹೀಗೆ:

- ಬಟ್ಟೆ ತೆಳು ಹತ್ತಿ: ಪಾಪ್ಲಿನ್, ಕೋರಾ, ಇಲ್ಲವೇ ಖಾದಿ. ಒಂದು ಚದರ ಮೀಟರಿಗೆ 100ರಿಂದ 140 ಗ್ರಾಂ ತೂಕ ಸಾಕು.
- ಅಳತೆ ಪೇಟೆಗೆ ಹಾಕುವ ಅಂಗಿಗಿಂತ ಎದೆಯ ಸುತ್ತ ನಾಲ್ಕೈದು ಇಂಚು ಹೆಚ್ಚು.
- ಕಾಲರ್ ಬೇಕು, ಕುತ್ತಿಗೆ ಹಿಂಭಾಗ ಸುಡುವುದನ್ನು ತಪ್ಪಿಸುತ್ತದೆ.
- ಕಂಕುಳ ಕೆಳಗೆ ಒಂದೆರಡು ಇಂಚು ಹೊಲಿಗೆ ಬಿಡಿಸಿ ಗಾಳಿಕಿಂಡಿ. ಟೇಲರ್ ನಗುತ್ತಾನೆ, ನಗಲಿ.
- ಪೂರ್ತಿ ಗುಂಡಿ ಇರುವ ಅಂಗಿಯೇ ಬೇಕು, ಟೀ ಶರ್ಟ್ ಬೇಡ. ಕಾರಣ ಸಿಂಪರಣೆಯ ಭಾಗದಲ್ಲಿ ಹೇಳುತ್ತೇನೆ.

ಇನ್ನು ತಲೆ. ಕ್ಯಾಪ್ ಮುಖಕ್ಕೆ ಮಾತ್ರ ನೆರಳು, ಕಿವಿ ಮತ್ತು ಕುತ್ತಿಗೆ ಬಯಲು. ಒದ್ದೆ ಮಾಡಿ ಹಿಂಡಿದ ಹತ್ತಿ ಟವೆಲ್ ಸುತ್ತಿದರೆ ಎರಡೂ ಕೆಲಸ ಆಗುತ್ತದೆ.

ಒಂದು ಎಚ್ಚರಿಕೆ. ಬಟ್ಟೆ ಎಷ್ಟೇ ಒಳ್ಳೆಯದಿರಲಿ, ಯಾರಾದರೂ ತಲೆ ತಿರುಗುತ್ತದೆ, ವಾಂತಿ ಬರುತ್ತದೆ ಅಂದರೆ ಕೆಲಸ ಅಲ್ಲೇ ನಿಲ್ಲಿಸಿ. ನೆರಳಿಗೆ ತನ್ನಿ, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಹಾಕಿ ಗಾಳಿ ಬೀಸಿ. ಎಚ್ಚರ ಇದ್ದರೆ ಓಆರ್‌ಎಸ್ ಇಲ್ಲವೇ ಉಪ್ಪು-ಸಕ್ಕರೆ ನೀರು ಕುಡಿಸಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಮಾತು ತೊದಲಿದರೆ, ಪ್ರಜ್ಞೆ ತಪ್ಪಿದರೆ 108ಕ್ಕೆ ಫೋನ್ ಮಾಡಿ, ಗಾಡಿ ಬರುವವರೆಗೂ ತಂಪು ಮಾಡುತ್ತಲೇ ಇರಿ.

ಅಂಗಡಿಯಲ್ಲಿ ಮೋಸ ಹೋಗದಿರಲು

ನಮ್ಮದು ಮಗ್ಗದ ಊರು. ಸುರೇಬಾನ, ಮನಿಹಾಳದ ಓಣಿಗಳಲ್ಲಿ ನಡೆದರೆ ಮಗ್ಗದ ಸದ್ದು ಕಿವಿಗೆ ಬೀಳುತ್ತದೆ. ಆದರೂ ಹತ್ತಿ ಬಟ್ಟೆ ಯಾವುದು, ಮಿಕ್ಸ್ ಯಾವುದು ಅಂತ ನನಗೆ ಗುರುತು ಸಿಗುತ್ತಿರಲಿಲ್ಲ. ಅಂಗಡಿಯವರು 'ಕಾಟನ್ ಫೀಲ್' ಅಂದರೆ ಕಾಟನ್ ಅಂತಲೇ ತಂದೆ. ನೇಯ್ಗೆ ಕೆಲಸದಲ್ಲೇ ಮುದುಕರಾದ ನಮ್ಮ ಓಣಿಯ ಮಾವ ಒಬ್ಬರು ನಾಲ್ಕು ಪರೀಕ್ಷೆ ಹೇಳಿಕೊಟ್ಟರು.

ಬೆಂಕಿ ಪರೀಕ್ಷೆ. ಅಂಚಿನಿಂದ ಒಂದೆರಡು ಎಳೆ ಕಿತ್ತು ಚಿಮಟಿಗೆಯಲ್ಲಿ ಹಿಡಿದು ಕಡ್ಡಿ ಗೀರಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತನೆ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಮುದುಡಿ ಕರಗಿ ಗಟ್ಟಿ ಮಣಿಯಾಗುತ್ತದೆ. ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ. ಬೂದಿಯೂ ಇದೆ, ನಡುವೆ ಸಣ್ಣ ಗಟ್ಟಿ ಕಾಳೂ ಇದೆ ಅಂದರೆ ಮಿಕ್ಸ್. ಹಾಸು ಒಂದು, ಹೊಕ್ಕು ಒಂದು ಇರುವುದೂ ಉಂಟು, ಎರಡೂ ಕಡೆಯ ಎಳೆ ಸುಟ್ಟು ನೋಡಬೇಕು.

ಹನಿ ಪರೀಕ್ಷೆ. ಒಂದು ಹನಿ ನೀರು ಹಾಕಿ. ಹತ್ತಿ ಹೀರಿ ಹರಡುತ್ತದೆ. ಹೊಸ ಬಟ್ಟೆಗೆ ಗಂಜಿ ಇದ್ದರೆ ಹನಿ ನಿಲ್ಲಬಹುದು, ಅದಕ್ಕೆ ಒಮ್ಮೆ ತೊಳೆದು ನೋಡಿ.

ಉಸಿರು ಪರೀಕ್ಷೆ. ಬಟ್ಟೆಯನ್ನು ಬಾಯಿಗೆ ಒತ್ತಿ ಊದಿ, ಆಚೆ ಕೈ ಹಿಡಿಯಿರಿ. ಗಾಳಿ ಕೈಗೆ ತಾಗಿದರೆ ಬೇಸಿಗೆಗೆ ಸರಿ. ತಾಗದಿದ್ದರೆ ಅದು ಚಳಿಗಾಲದ ಹೊರ ಬಟ್ಟೆ.

ಬೆಳಕು ಪರೀಕ್ಷೆ. ಸೂರ್ಯನ ಕಡೆ ಹಿಡಿಯಿರಿ. ಕೈಬೆರಳು ಒಂದೊಂದೂ ಸ್ಪಷ್ಟ ಕಂಡರೆ ಬಿಸಿಲೂ ಅಷ್ಟೇ ಸಲೀಸಾಗಿ ಒಳಗೆ ಬರುತ್ತದೆ, ತೀರಾ ತೆಳು. ಬರೀ ನೆರಳಿನಂತೆ ಕಂಡರೆ ಸರಿ.

ಚೀಟಿಯಲ್ಲಿ 'ಟೆರಿಕಾಟ್' ಅಥವಾ 'ಪಿಸಿ' ಅಂತಿದ್ದರೆ ಅದರಲ್ಲಿ ಬಹುಮಟ್ಟಿಗೆ ಪಾಲಿಯೆಸ್ಟರೇ ಹೆಚ್ಚು. ಇಸ್ತ್ರಿ ಬೇಡ, ಬೇಗ ಹರಿಯುವುದಿಲ್ಲ, ಸಸ್ತಾ. ಪ್ಯಾಂಟಿಗೆ ಪರವಾಗಿಲ್ಲ, ಮುಳ್ಳುಕಂಟಿ ತಡೆಯುತ್ತದೆ. ಬೇಸಿಗೆ ಅಂಗಿಗೆ ಬೇಡ. ಬೆಂಕಿ ಹತ್ತಿರದ ಕೆಲಸಕ್ಕಂತೂ ಬೇಡವೇ ಬೇಡ. ಗಾಣದ ಒಲೆ ಮುಂದೆ, ಬದುವಿನ ಕಸ ಸುಡುವಾಗ ಕಿಡಿ ಹಾರಿದರೆ ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ, ಕೀಳಲು ಬರುವುದಿಲ್ಲ.

ಖಾದಿ ದುಬಾರಿ ಅನ್ನುವವರಿಗೆ ಒಂದು ಮಾತು. ಧಾರವಾಡ ತಾಲೂಕಿನ ಗರಗ, ಬಾಗಲಕೋಟೆ ಕಡೆಯ ತುಳಸಿಗೇರಿಯ ಖಾದಿ ರಾಷ್ಟ್ರಧ್ವಜಕ್ಕೆ ಹೋಗುವಂಥದ್ದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಧ್ವಜ ತಯಾರಿಸುವ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಿಂದ ಇದೆ. ಇಷ್ಟು ಹತ್ತಿರ ಇಂಥ ಬಟ್ಟೆ ಹುಟ್ಟುವಾಗ ವರ್ಷಕ್ಕೆ ಎರಡು ಅಂಗಿಯ ಬಟ್ಟೆ ತರಬಹುದು. ಕೈನೂಲು ಸ್ವಲ್ಪ ಉರುಟು, ನೇಯ್ಗೆಯಲ್ಲಿ ಸಣ್ಣ ಸಣ್ಣ ಸಂದು. ಅಲ್ಲಿಂದಲೇ ಗಾಳಿ ಆಡುತ್ತದೆ. ಖಾದಿ ಉತ್ಸವದ ರಿಯಾಯಿತಿ ಸಮಯದಲ್ಲಿ ಕೊಂಡರೆ ಕಿಸೆಗೂ ಹಗುರ.

ಮಳೆಗೆ ಹತ್ತಿ ಬೇಡ

ಬೇಸಿಗೆಯಲ್ಲಿ ಕಾಪಾಡಿದ ಅದೇ ಹತ್ತಿ ಮಳೆಯಲ್ಲಿ ಕೈಕೊಡುತ್ತದೆ. ಒದ್ದೆಯಾಗಿ ಮೈಗೆ ಅಂಟಿದ ಹತ್ತಿ ಬೇಗ ಆರುವುದಿಲ್ಲ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಮೈಯ ಕಾವು ಎಳೆದುಕೊಳ್ಳುತ್ತದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಬಂದಾಗ ಹೊಳೆದಂಡೆಯ ಸಂಬಂಧಿಕರ ಪಂಪ್‌ಸೆಟ್ ಎತ್ತಲು ಹೋಗಿದ್ದೆ. ಜೀನ್ಸ್ ಪ್ಯಾಂಟ್, ಹತ್ತಿ ಅಂಗಿ. ಎರಡು ತಾಸಿಗೆ ಹಲ್ಲು ಕಟಕಟ ಅನ್ನತೊಡಗಿತು, ಒದ್ದೆ ಜೀನ್ಸ್ ಕಾಲಿಗೆ ಕಲ್ಲು ಕಟ್ಟಿದಂತೆ. ಆಗಸ್ಟ್ ತಿಂಗಳಲ್ಲಿ ಚಳಿಗೆ ನಡುಗಬಹುದು ಅಂತ ಅವತ್ತೇ ಗೊತ್ತಾದದ್ದು.

ಮಳೆಗೆ ನಮ್ಮ ಕಡೆ ಮೂರು ದಾರಿ ಇವೆ.

ಒಂದು, ಪ್ಲಾಸ್ಟಿಕ್ ರೇನ್‌ಕೋಟ್. ಬೈಕಿಗೆ, ಎಮ್ಮೆ ಹಿಂದೆ ನಿಲ್ಲುವುದಕ್ಕೆ, ನೀರು ಕಟ್ಟುವುದಕ್ಕೆ ಸರಿ. ಕಳೆ ತೆಗೆಯುವ ಕೆಲಸಕ್ಕೆ ಹಾಕಿದರೆ ಅರ್ಧ ತಾಸಿಗೆ ಒಳಗೇ ಮಳೆ, ಪೂರ್ತಿ ಬೆವರು. ಕೊಳ್ಳುವಾಗ ಬೆನ್ನಲ್ಲಿ ಗಾಳಿಕಿಂಡಿ ಇದೆಯೇ, ಹೊಲಿಗೆಯ ಮೇಲೆ ಒಳಗಿನಿಂದ ಪಟ್ಟಿ ಅಂಟಿಸಿದ್ದಾರೆಯೇ ನೋಡಿ. ಪಟ್ಟಿ ಇಲ್ಲದಿದ್ದರೆ ಹೊಲಿಗೆಯ ತೂತಿನಿಂದ ನೀರು ಬರುತ್ತದೆ.

ಎರಡು, ಗೊಬ್ಬರ ಚೀಲದ ಕೊಪ್ಪೆ. ಪುಕ್ಕಟೆ, ಹಗುರ. ಚೀಲ ಚೆನ್ನಾಗಿ ತೊಳೆದಿರಬೇಕು ಅಷ್ಟೇ. ಬೀಜೋಪಚಾರದ ಔಷಧಿ, ಕೀಟನಾಶಕ ಇಟ್ಟಿದ್ದ ಚೀಲವನ್ನು ತಲೆ ಮೇಲೆ ಹಾಕಲೇಬೇಡಿ. ಮಳೆ ನೀರು ಅದನ್ನು ಕರಗಿಸಿ ಕುತ್ತಿಗೆಗೆ ಇಳಿಸುತ್ತದೆ.

ಮೂರು, ಕಂಬಳಿ. ಕುರಿ ಕಾಯುವವರು ಇಡೀ ಮುಂಗಾರು ಕಂಬಳಿ ಕೊಪ್ಪೆ ಹಾಕಿಕೊಂಡು ಬಯಲಲ್ಲಿ ನಿಲ್ಲುತ್ತಾರೆ. ಡೆಕ್ಕನಿ ಕುರಿಯ ಉಣ್ಣೆ ಒರಟು, ಅದರಲ್ಲಿ ಸಹಜ ಜಿಡ್ಡು ಇರುತ್ತದೆ. ನೇಯುವಾಗ ಹುಣಸೆ ಬೀಜದ ಗಂಜಿ ಹಾಕುತ್ತಾರೆ, ಎಳೆ ಬಿಗಿಯುತ್ತದೆ. ಸಣ್ಣ ಮಳೆಯ ಹನಿ ಕೂದಲಿನ ಮೇಲೆ ಜಾರಿ ಹೋಗುತ್ತದೆ. ಉಣ್ಣೆಯ ಇನ್ನೊಂದು ಗುಣ, ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ, ಬೆಚ್ಚಗಿರುತ್ತದೆ. ದೊಡ್ಡ ಮಳೆಗೆ ಮಾತ್ರ ನೆನೆದು ಭಾರ ಆಗುತ್ತದೆ. ಚರ್ಮಕ್ಕೆ ಚುಚ್ಚುತ್ತದೆ, ಅದಕ್ಕೆ ಒಳಗೆ ಒಂದು ಹತ್ತಿ ಅಂಗಿ ಇರಲೇಬೇಕು. ಈ ಉಣ್ಣೆಗೆ ಈಗ ಬೆಲೆ ಇಲ್ಲ ಅಂತ ಕತ್ತರಿಸಿ ಬಿಸಾಡುವ ಕುರಿಗಾರರಿದ್ದಾರೆ. ಒಂದು ಕಂಬಳಿ ಕೊಂಡರೆ ಅವರಿಗೂ ಆಸರೆ, ನಮಗೂ ಹತ್ತು ವರ್ಷದ ಆಸ್ತಿ.

ರಾತ್ರಿ ನೀರು ಹಾಯಿಸುವವರಿಗೆ: ಉಳ್ಳಾಗಡ್ಡಿ ಲೆಕ್ಕ

ತ್ರೀ ಫೇಸ್ ಕರೆಂಟ್ ರಾತ್ರಿ ಕೊಟ್ಟರೆ ರಾತ್ರಿಯೇ ಹೋಗಬೇಕು, ಡಿಸೆಂಬರ್-ಜನವರಿ ಚಳಿ ಅಂತ ಕೂತರೆ ಆಗದು. ಇಲ್ಲಿ ದಪ್ಪ ಜಾಕೆಟ್ ಒಂದೇ ಹಾಕುವುದು ದಡ್ಡತನ. ಕಾಲುವೆ ಒಡೆದು ಸಲಿಕೆ ಹಿಡಿದಾಗ ಬೆವರು, ಬದುವಿನ ಮೇಲೆ ಕೂತಾಗ ಅದೇ ಬೆವರು ತಣ್ಣಗಾಗಿ ನಡುಕ. ಉಳ್ಳಾಗಡ್ಡಿ ಹಾಗೆ ಪದರ ಪದರ ಹಾಕಬೇಕು, ಬೇಕಾದಾಗ ಒಂದೊಂದೇ ಬಿಚ್ಚಬೇಕು.

- ಒಳ ಪದರ: ತೆಳ್ಳಗಿನದು, ಮೈಗೆ ಹತ್ತುವಂಥದ್ದು. ಇಲ್ಲಿ ತೆಳು ಪಾಲಿಯೆಸ್ಟರ್ ಜರ್ಸಿ ಕೆಲಸಕ್ಕೆ ಬರುತ್ತದೆ, ಬೆವರು ಬೇಗ ಆರುತ್ತದೆ. ಹತ್ತಿ ಬನಿಯನ್ ಹಾಕಿದರೆ ಇನ್ನೊಂದು ಒಣ ಬನಿಯನ್ ಚೀಲದಲ್ಲಿ ಒಯ್ಯಿರಿ.
- ನಡು ಪದರ: ಕಾವು ಹಿಡಿದಿಡುವಂಥದ್ದು. ಉಣ್ಣೆಯ ಸ್ವೆಟರ್ ಉತ್ತಮ. ಅಸಲಿಗೆ ಬೆಚ್ಚಗಿಡುವುದು ನೂಲಿನ ನಡುವೆ ನಿಂತ ಗಾಳಿ. ಅದಕ್ಕೇ ಬಿಗಿಯಾದ ಸ್ವೆಟರ್‌ಗಿಂತ ಸ್ವಲ್ಪ ಸಡಿಲ ಇರುವುದು ಒಳ್ಳೆಯದು.
- ಹೊರ ಪದರ: ಗಾಳಿ ತಡೆಯುವ ನೈಲಾನ್ ವಿಂಡ್‌ಚೀಟರ್. ಮುಂದೆ ಜಿಪ್ ಇರಲಿ. ಬೆವರು ಬಂದ ಕೂಡಲೇ ತೆರೆಯಿರಿ.

ಕಾಲಿಗೆ ಮೊಣಕಾಲ ಹತ್ತಿರದವರೆಗಿನ ಗಂಬೂಟ್, ದಪ್ಪ ಪ್ಯಾಂಟ್. ನೀರಿಗಿಂತ ಹೆಚ್ಚಾಗಿ ಹಾವಿಗೆ. ಕೈಯಲ್ಲಿ ಬ್ಯಾಟರಿ ಇರಲೇಬೇಕು. ಬೆನ್ನ ಮೇಲೆ ಎರಡು ಗೇಣು ಹೊಳೆಯುವ ಪಟ್ಟಿ ಹೊಲಿಸಿ. ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ದಿನಗಳಲ್ಲಿ ರಾತ್ರಿ ರಸ್ತೆ ಬದಿ ನಡೆಯುವವರು ಕಾಣುವುದೇ ಇಲ್ಲ.

ಸಿಂಪರಣೆ: ಇಲ್ಲಿ ಹತ್ತಿಯೇ ಶತ್ರು

ನಾನು ಸಾವಯವ ಬೆಳೆಗಾರ, ಕೀಟನಾಶಕ ಹೊಡೆಯುವುದಿಲ್ಲ. ಆದರೆ ನನ್ನ ಹೊಲಕ್ಕೆ ಬರುವ ಆಳುಗಳೇ ಮರುದಿನ ಬೇರೆಯವರ ಹತ್ತಿಗೆ ಔಷಧಿ ಹೊಡೆಯುತ್ತಾರೆ, ಅದೇ ಅಂಗಿಯಲ್ಲಿ. ಸಾವಯವದಲ್ಲೂ ಗಂಧಕ, ಬೋರ್ಡೋ ದ್ರಾವಣ ಮೈಗೆ ಒಳ್ಳೆಯದಲ್ಲ. ಹಾಗಾಗಿ ಈ ಭಾಗ ಎಲ್ಲರಿಗೂ.

2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆದು 20ಕ್ಕೂ ಹೆಚ್ಚು ರೈತರು, ಕೂಲಿಗಳು ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಆ ವರ್ಷ ಹತ್ತಿ ಗಿಡ ಆಳೆತ್ತರ ಬೆಳೆದಿತ್ತು. ಎತ್ತರಕ್ಕೆ ಹೊಡೆದ ಹನಿ ಹೊಡೆದವರ ಮುಖ, ಎದೆಗೇ ಇಳಿಯಿತು. ಬಹಳ ಜನರ ಮೈಮೇಲೆ ಇದ್ದದ್ದು ನಾವು ದಿನಾ ಹಾಕುವಂಥ ಅಂಗಿಯೇ.

ಹತ್ತಿ ಬೆವರನ್ನು ಹೇಗೆ ಹೀರುತ್ತದೋ ವಿಷವನ್ನೂ ಹಾಗೇ ಹೀರುತ್ತದೆ. ಹೀರಿದ್ದನ್ನು ದಿನವಿಡೀ ಚರ್ಮಕ್ಕೆ ಒತ್ತಿ ಹಿಡಿಯುತ್ತದೆ. ಮೈಯ ಎಲ್ಲ ಜಾಗವೂ ಒಂದೇ ಥರ ಹೀರುವುದಿಲ್ಲ. ಅಮೆರಿಕದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕದ ಮೇಲೆ ನಡೆದ ಹಳೆಯ ಅಧ್ಯಯನದಲ್ಲಿ ಮುಂಗೈಗಿಂತ ವೃಷಣದ ಚರ್ಮ ಸುಮಾರು 12 ಪಟ್ಟು ಹೆಚ್ಚು ಹೀರಿತ್ತು. ಪಂಪು ಸೋರಿ ಪ್ಯಾಂಟಿನ ಮುಂಭಾಗ ಒದ್ದೆಯಾದರೆ "ಇರಲಿ, ಆಮ್ಯಾಲ ನೋಡೂಣು" ಅನ್ನುವವರು ಈ ಲೆಕ್ಕ ನೆನಪಿಡಿ.

ಮಾಡಬೇಕಾದದ್ದು:

- ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡಿ. ಕೆಂಪು ಅತಿ ಹೆಚ್ಚು ವಿಷ, ನಂತರ ಹಳದಿ, ನೀಲಿ, ಹಸಿರು. ಹಸಿರು ಅಂದರೂ ಔಷಧಿಯೇ, ಮಜ್ಜಿಗೆಯಲ್ಲ.
- ಒಳಗೆ ಸಡಿಲ ಹತ್ತಿ ಅಂಗಿ, ಪ್ಯಾಂಟ್. ಅದರ ಮೇಲೆ ನೀರು ಒಳಬಿಡದ ಏಪ್ರನ್ ಇಲ್ಲವೇ ಸಿಂಪರಣೆ ಕೋಟು. ಬೆನ್ನಿಗೂ ಪಂಪಿಗೂ ನಡುವೆ ಒಂದು ದಪ್ಪ ಪ್ಲಾಸ್ಟಿಕ್ ಹಾಳೆ.
- ಕೈಗೆ ನೈಟ್ರೈಲ್ ಕೈಗವಸು. ಬಟ್ಟೆಯದು, ಚರ್ಮದ್ದು ಬೇಡ, ಎರಡೂ ಹೀರುತ್ತವೆ. ಕೆಳಕ್ಕೆ ಹೊಡೆಯುವಾಗ ಅಂಗಿಯ ತೋಳು ಕೈಗವಸಿನ ಮೇಲೆ ಬರಲಿ. ಎತ್ತರಕ್ಕೆ ಹೊಡೆಯುವಾಗ ಕೈಗವಸು ತೋಳಿನ ಮೇಲೆ ಬಂದು ಅಂಚು ಮಡಚಿರಲಿ, ಹನಿ ಒಳಗೆ ಇಳಿಯುವುದಿಲ್ಲ.
- ಪ್ಯಾಂಟ್ ಗಂಬೂಟಿನ ಹೊರಗೆ ಇರಲಿ. ಒಳಗೆ ತೂರಿಸಿದರೆ ಬೂಟು ಬಕೆಟ್ಟಾಗುತ್ತದೆ.
- ಮೂಗಿಗೆ ಟವೆಲ್ ಕಟ್ಟುವುದು ರಕ್ಷಣೆ ಅಲ್ಲ. ಒದ್ದೆಯಾದ ಟವೆಲ್ ವಿಷವನ್ನು ಮೂಗಿನ ಹತ್ತಿರವೇ ಇಟ್ಟುಕೊಳ್ಳುತ್ತದೆ. ಔಷಧಿಯ ಚೀಟಿ ಹೇಳುವ ಮಾಸ್ಕ್ ಕೊಳ್ಳಿ. ಕಣ್ಣಿಗೆ ಕನ್ನಡಕ.
- ಈ ಪದರಗಳಲ್ಲಿ ಮಧ್ಯಾಹ್ನ ಹೊಡೆದರೆ ಬಿಸಿಲಿನ ಪೆಟ್ಟು ಖಚಿತ. ಗಾಳಿ ಇಲ್ಲದ ಬೆಳಗ್ಗೆಯೇ ಮುಗಿಸಿ.
- ಮುಗಿದ ಮೇಲೆ ಅಂಗಿ ಬಿಚ್ಚುವ ಕ್ರಮವೂ ಮುಖ್ಯ. ಟೀ ಶರ್ಟ್ ಆದರೆ ತಲೆ ಮೇಲಿಂದ ಎಳೆಯುವಾಗ ವಿಷದ ಬಟ್ಟೆ ಪೂರ್ತಿ ಮುಖಕ್ಕೆ ಸವರುತ್ತದೆ. ಅದಕ್ಕೇ ಗುಂಡಿ ಅಂಗಿ ಅಂದದ್ದು.
- ಆ ಬಟ್ಟೆ ಮನೆಯವರ ಬಟ್ಟೆ ಜೊತೆ ತೊಳೆಯಬೇಡಿ. ಬೇರೆ ಬಕೆಟ್, ಬಿಸಿನೀರು, ಸೋಪು, ಎರಡು ಸಲ, ಬಿಸಿಲಲ್ಲಿ ಒಣಗಿಸಿ. ನೀರು ಬೆರೆಸದ ಔಷಧಿ ಬಟ್ಟೆಯ ಮೇಲೆ ಚೆಲ್ಲಿ ನೆನೆದಿದ್ದರೆ ತೊಳೆಯುವ ಗೋಜಿಗೆ ಹೋಗಬೇಡಿ, ಆ ಬಟ್ಟೆ ಬಿಟ್ಟುಬಿಡಿ.

ಬೆಂಗಳೂರಿನ ಇನ್‌ಸ್ಟೆಮ್ ಸಂಶೋಧನಾ ಸಂಸ್ಥೆ ಈ ವಿಷಯದಲ್ಲಿ ಒಂದು ಒಳ್ಳೆ ಕೆಲಸ ಮಾಡಿದೆ. ಅಲ್ಲಿನವರು ಸೆಪಿಯೋ ಹೆಲ್ತ್ ಕಂಪನಿ ಜೊತೆ ಸೇರಿ 'ಕಿಸಾನ್ ಕವಚ' ಎಂಬ ಉಡುಪು ತಯಾರಿಸಿದ್ದಾರೆ. 2024ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಯಿತು. ಅದೂ ಹತ್ತಿ ಬಟ್ಟೆಯೇ, ಆದರೆ ನೂಲಿಗೆ ಒಂದು ರಾಸಾಯನಿಕ ಜೋಡಿಸಿದ್ದಾರೆ. ಆರ್ಗ್ಯಾನೋಫಾಸ್ಫೇಟ್‌ನಂಥ ಕೀಟನಾಶಕ ಬಟ್ಟೆಗೆ ತಾಗಿದ ಕೂಡಲೇ ಅದು ವಿಷದ ಅಣುವನ್ನು ಮುರಿದು ನಿರುಪಯುಕ್ತ ಮಾಡುತ್ತದೆ. ಗಾಳಿಯೂ ಆಡುತ್ತದೆ, ತೊಳೆದು ವರ್ಷದವರೆಗೆ ಬಳಸಬಹುದು. ಬಿಡುಗಡೆ ವೇಳೆ ಹೇಳಿದ ಬೆಲೆ ಸುಮಾರು 4,000 ರೂಪಾಯಿ. ಒಬ್ಬ ಕೂಲಿಗೆ ಇದು ದೊಡ್ಡ ಮೊತ್ತ. ಆದರೆ ರೈತ ಗುಂಪು, ಎಫ್‌ಪಿಒ ಇದ್ದವರು ಪವರ್ ಸ್ಪ್ರೇಯರ್ ಬಾಡಿಗೆಗೆ ಇಡುವ ಹಾಗೆ ನಾಲ್ಕು ಉಡುಪನ್ನೂ ಇಡಬಹುದು. ಸ್ಪ್ರೇಯರ್ ಕೊಡುವಾಗ ಜೊತೆಗೆ ಉಡುಪೂ ಕೊಡಿ.

ಮಷೀನ್ ಹತ್ತಿರ ಸಡಿಲ ಬೇಡ

ಬೇಸಿಗೆಗೆ ಸಡಿಲ ಅಂದೆ. ರಾಶಿ ಮಷೀನ್, ಮೇವು ಕತ್ತರಿಸುವ ಯಂತ್ರ, ಟ್ರ್ಯಾಕ್ಟರ್ ಪಿಟಿಒ ಹತ್ತಿರ ಇದು ಪೂರ್ತಿ ಉಲ್ಟಾ. ಪಿಟಿಒ ದಂಡ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು. ಟವೆಲ್ ತುದಿ ಸಿಕ್ಕರೆ ಕೈಯಿಂದ ಬಿಡಿಸುವಷ್ಟು ಸಮಯ ಇರುವುದಿಲ್ಲ. ಕುತ್ತಿಗೆಯ ಟವೆಲ್ ತೆಗೆದಿಡಿ, ಲುಂಗಿ ಬೇಡ, ತೋಳಿನ ಗುಂಡಿ ಹಾಕಿ, ಸೆರಗು ಅಂಗಿಯೊಳಗೆ ಇರಲಿ.

ಅವ್ವನ ಅಂಗಿ

ಇಷ್ಟೆಲ್ಲ ಕಲಿತು ನಾನು ಗಂಡಸರ ಅಂಗಿಯನ್ನೇ ನೋಡುತ್ತಿದ್ದೆ. ಹೊಲದಲ್ಲಿ ಹೆಚ್ಚು ಹೊತ್ತು ಬಾಗಿ ಕೆಲಸ ಮಾಡುವವರು ಹೆಣ್ಣುಮಕ್ಕಳು. ಸೀರೆಯ ಮೇಲೆ ಗಂಡನದೋ ಮಗನದೋ ಹಳೆ ಅಂಗಿ, ತಲೆಗೆ ಟವೆಲ್. ಸೀರೆ ಸಿಂಥೆಟಿಕ್, ಅಂಗಿ ಟೆರಿಕಾಟ್. ಬೇಸಿಗೆಗೆ ಎರಡು ಪದರ ಪ್ಲಾಸ್ಟಿಕ್. ಸಿಂಪರಣೆಗೆ ನೀರು ಹೊತ್ತು ಕೊಡುವವರೂ ಅವರೇ, ಒದ್ದೆಯಾಗುವುದು ಅವರದೇ ಸೀರೆ.

ನಮ್ಮ ಅವ್ವ ಹತ್ತು ವರ್ಷದಿಂದ ಹಾಕುತ್ತಿದ್ದದ್ದು ಅಪ್ಪನ ಟೆರಿಕಾಟ್ ಅಂಗಿ. ಅಪ್ಪ ಇಲ್ಲ, ಅಂಗಿ ಇದೆ. ಅದನ್ನು ಬಿಡು ಅನ್ನಲು ನನಗೆ ಬಾಯಿ ಬರಲಿಲ್ಲ. ಕೋರಾ ಬಟ್ಟೆ ತಂದು ಅದೇ ಅಳತೆಗೆ, ಅದೇ ಕಾಲರ್ ಇಟ್ಟು ಹೊಲಿಸಿದೆ. ಅವ್ವ ತಿರುವಿ ತಿರುವಿ ನೋಡಿ ಅಂದದ್ದು, "ಚಲೋ ಐತಿ. ಕಿಸೆ ಎಲ್ಲೈತಿ? ಎಲಿ-ಅಡಿಕಿ ಎಲ್ಲಿಡ್ಲಿ, ಫೋನ್ ಎಲ್ಲಿಡ್ಲಿ?" ಟೇಲರ್‌ಗೆ ಎದೆಯ ಕಿಸೆ ಇಡಲು ಹೇಳುವುದನ್ನೇ ಮರೆತಿದ್ದೆ. ಈಗ ಎರಡು ಕಿಸೆ ಇವೆ, ಒಂದಕ್ಕೆ ಗುಂಡಿ. ಆ ಅಂಗಿ ನೋಡಿ ಓಣಿಯ ನಾಲ್ಕು ಅಕ್ಕಂದಿರು ಬಟ್ಟೆ ತಂದು ಹೊಲಿಸಿಕೊಂಡರು. ಅಪ್ಪನ ಅಂಗಿ ಟ್ರಂಕಿನಲ್ಲಿ ಮಡಚಿಟ್ಟಿದೆ.

ಕೊನೆಗೆ, ಎಲ್ಲಿಂದ ಶುರು ಮಾಡುವುದು?

ಎಲ್ಲ ಒಮ್ಮೆಗೇ ಕೊಳ್ಳುವುದು ಬೇಡ. ನಾನು ತೆಗೆದುಕೊಂಡ ಕ್ರಮ ಇದು:

1. ಎರಡು ಸಡಿಲ ಹತ್ತಿ ಅಂಗಿ, ಎರಡು ಹತ್ತಿ ಟವೆಲ್. ಬೇಸಿಗೆಗೆ ಮೊದಲು.
2. ಗಂಬೂಟ್ ಒಂದು ಜೊತೆ. ನೀರಿಗೂ ಬಂತು, ಹಾವಿಗೂ ಬಂತು, ಸಿಂಪರಣೆಗೂ ಬಂತು. ಔಷಧಿ ಹೊಡೆದ ದಿನ ಮಾತ್ರ ತೊಳೆದೇ ಒಳಗೆ ತನ್ನಿ.
3. ಸಿಂಪರಣೆ ಮಾಡುವವರಾದರೆ ಏಪ್ರನ್, ನೈಟ್ರೈಲ್ ಕೈಗವಸು, ಮಾಸ್ಕ್, ಕನ್ನಡಕ. ಇದಕ್ಕೆ ಬೇರೆಯೇ ಚೀಲ, ಬೇರೆಯೇ ಗೂಟ.
4. ಉಣ್ಣೆ ಸ್ವೆಟರ್, ವಿಂಡ್‌ಚೀಟರ್. ದೀಪಾವಳಿ ಹೊತ್ತಿಗೆ.
5. ಕಂಬಳಿ. ದುಡ್ಡು ಕೂಡಿದಾಗ.

ಪುಕ್ಕಟೆ ಬಂದ ಟೀ ಶರ್ಟುಗಳನ್ನು ಬಿಸಾಡಿಲ್ಲ. ಟ್ರ್ಯಾಕ್ಟರ್ ಒರೆಸಲು ಚಲೋ ಇವೆ.

ಕಾಕಾನ ಮಗ ಈಗಲೂ ನನ್ನ ಜೊತೆಗೇ ಕೆಲಸ ಮಾಡುತ್ತಾನೆ. ಆ ನಿಂಬೆ ಗಿಡಗಳು ನನ್ನ ಎದೆಮಟ್ಟ ಬಂದಿವೆ. ಬೇಸಿಗೆಯಲ್ಲಿ ನಾವು ಬೆಳಗ್ಗೆ ಆರಕ್ಕೆ ಶುರು ಮಾಡಿ ಹತ್ತೂವರೆಗೆ ನಿಲ್ಲಿಸುತ್ತೇವೆ, ಮತ್ತೆ ನಾಲ್ಕರ ಮೇಲೆಯೇ ಹೊಲಕ್ಕೆ. ಬಟ್ಟೆ ಎಷ್ಟು ಚಲೋ ಇದ್ದರೂ ಮೇ ತಿಂಗಳ ಮಧ್ಯಾಹ್ನವನ್ನು ಗೆಲ್ಲುವುದಿಲ್ಲ. ಮತ್ತು ಯಾರೇ "ತಲಿ ಗಿರ್ ಅಂತೈತಿ" ಅಂದರೂ ಗುಂಡಿ ಅರ್ಧಕ್ಕೇ ಬಿಡುತ್ತೇವೆ. ಅದು ಎಲ್ಲಿಗೂ ಓಡಿಹೋಗುವುದಿಲ್ಲ.

ನಾಳೆ ಬೆಳಗ್ಗೆ ಹೊಲಕ್ಕೆ ಹೋಗುವ ಮೊದಲು ನಿಮ್ಮ ಅಂಗಿಯ ಅಂಚಿನಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿ ನೋಡಿ. ಬೂದಿ ಆಯ್ತಾ, ಮಣಿ ಆಯ್ತಾ? ಹಾಗೇ ಮನೆಯಲ್ಲಿ ಅವ್ವನದು, ಅಕ್ಕನದು, ನಿಮ್ಮ ಹೊಲಕ್ಕೆ ಬರುವ ಆಳಿನದೂ ಒಂದೊಂದು ಎಳೆ ನೋಡಿಬಿಡಿ.